ಗಣಿತಗುರು ರೆನೆ ಡೇಕಾರ್ಟ್

ಸಮತಲದ ಮೇಲಿರುವ ಯಾವ ಬಿಂದುವನ್ನಾದರೂ ಎರಡು ಸಂಖ್ಯೆಗಳಿಂದ ಗುರುತಿಸಬಹುದು. ಸಮೀಕರಣವೊಂದನ್ನು ಕೊಟ್ಟರೆ ಅದಕ್ಕೆ ತಕ್ಕ ರೇಖೆಯನ್ನು ಎಳೆಯಬಹುದು. ರೇಖೆಯೊಂದನ್ನು ಕೊಟ್ಟರೆ ಅದರ ಸಮೀಕರಣವನ್ನು ಹುಡುಕಬಹುದು. ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಇಂದು ಸಹಜವೆಂದು ತೋರುವ ಈ ವಿಚಾರ ನಾಲ್ಕು ಶತಮಾನಗಳ ಹಿಂದೆ ವಿದ್ವಾಂಸರಿಗೂ ಹೊಸದಾಗಿತ್ತು. ಆಕೃತಿಗಳ ಶಾಸ್ತ್ರವಾದ ರೇಖಾಗಣಿತವೂ ಸಂಕೇತಗಳ ಶಾಸ್ತ್ರವಾದ ಬೀಜಗಣಿತವೂ ಆಗ ಬಹುಮಟ್ಟಿಗೆ ಬೇರೆ ಬೇರೆ ದಾರಿಗಳಲ್ಲಿ ನಡೆದಿದ್ದವು. ಅವೆರಡನ್ನೂ ಒಂದುಗೂಡಿಸಿದವರಲ್ಲಿ ಅಗ್ರಗಣ್ಯನು ಫ್ರಾನ್ಸ್ ದೇಶದ ರೆನೆ ಡೇಕಾರ್ಟ್. ಅವನ ಹೆಸರಿನಿಂದಲೇ ನಿರ್ದೇಶಾಂಕಗಳಿಗೆ ಕಾರ್ಟೀಸಿಯನ್ ನಿರ್ದೇಶಾಂಕಗಳೆಂಬ ಹೆಸರು ಬಂದಿದೆ. ಆದರೆ ಅವನು ಈ ವಿದ್ಯೆಯನ್ನು ಸೂತ್ರಗಳ ಪಟ್ಟಿಯಾಗಿ ಲೋಕದ ಮುಂದಿಡಲಿಲ್ಲ. ಶತಮಾನಗಳಿಂದ ಬಿಡಿಸಲಾಗದೆ ಉಳಿದಿದ್ದ ಒಂದು ಪ್ರಶ್ನೆಯನ್ನು ಬಿಡಿಸುತ್ತ ಅದರ ಶಕ್ತಿಯನ್ನು ಕಂಡುಕೊಂಡನು. ಪ್ರಶ್ನೆಗಳ ಮೂಲಕವೇ ಅದನ್ನು ಇತರರಿಗೆ ಕಲಿಸಿದನು. ಪ್ರಶ್ನೆಗಳ ಮೂಲಕವೇ ಇತರರ ಬುದ್ಧಿಯನ್ನು ಅಳೆದನು. ಹಾಗೆ ಅಳೆಯಹೊರಟಾಗ ಅವನ ನ್ಯಾಯಬುದ್ಧಿಯೂ ಪರೀಕ್ಷೆಗೆ ಒಳಗಾಯಿತು.

ಡೇಕಾರ್ಟನು 1596ನೆಯ ಇಸವಿ ಮಾರ್ಚ್ 31ರಂದು ಫ್ರಾನ್ಸಿನ ತೂರೇನ್ ಪ್ರಾಂತದ ಲಾ ಹೇ ಎಂಬ ಸಣ್ಣ ಊರಿನಲ್ಲಿ ಹುಟ್ಟಿದನು. ತಂದೆ ಜೊಆಶಿಂ ಬ್ರಿಟನಿ ಪ್ರಾಂತದ ನ್ಯಾಯಸಭೆಯಲ್ಲಿ ಸದಸ್ಯನಾಗಿದ್ದನು. ಮಗುವಿಗೆ ಒಂದು ವರ್ಷ ತುಂಬಿ ಕೆಲವೇ ವಾರಗಳಾಗಿದ್ದಾಗ ತಾಯಿ ತೀರಿಕೊಂಡಳು. ತಂದೆ ಉದ್ಯೋಗದ ನಿಮಿತ್ತ ದೂರವಿರುತ್ತಿದ್ದುದರಿಂದ ಬಾಲಕನು ಅಜ್ಜಿಯ ಆಶ್ರಯದಲ್ಲಿ ಬೆಳೆದನು. ಅವನ ದೇಹಪ್ರಕೃತಿ ದುರ್ಬಲವಾಗಿತ್ತು. ಲಾ ಫ್ಲೆಶ್ ಎಂಬಲ್ಲಿ ಜೆಸ್ಯೂಟ್ ಪಾದ್ರಿಗಳು ನಡೆಸುತ್ತಿದ್ದ ಹೆಸರಾಂತ ವಿದ್ಯಾಲಯಕ್ಕೆ ಸೇರಿದಾಗ, ಬೆಳಗಿನ ಹೊತ್ತು ಹಾಸಿಗೆಯಲ್ಲೇ ವಿಶ್ರಮಿಸಲು ಗುರುಗಳು ಅವನಿಗೆ ಅನುಮತಿ ನೀಡಿದ್ದರಂತೆ. ಎಚ್ಚರವಾಗಿ ಮಲಗಿ ಆಲೋಚಿಸುವ ಆ ಅಭ್ಯಾಸ ಅವನಿಗೆ ಜೀವನದುದ್ದಕ್ಕೂ ಉಳಿಯಿತು.

ಆ ಕಾಲದ ಶಾಲೆಗಳಲ್ಲಿ ಪ್ರಾಚೀನರ ಗ್ರಂಥಗಳನ್ನು ಓದಿ ಒಪ್ಪಿಸುವುದೇ ವಿದ್ಯೆಯ ಮುಖ್ಯ ಭಾಗವಾಗಿತ್ತು. ಡೇಕಾರ್ಟನ ಓದಿನ ರೀತಿ ಬೇರೆ. ಯಾವುದಾದರೂ ಪುಸ್ತಕ ಹೊಸ ಸಂಗತಿಯೊಂದನ್ನು ಸಾಧಿಸಿ ತೋರಿಸುವುದಾಗಿ ಹೇಳಿದರೆ, ಮುಂದಿನ ಪುಟಗಳನ್ನು ತಿರುವುವ ಮೊದಲು ಅದನ್ನು ತಾನೇ ಸಾಧಿಸಬಲ್ಲೆನೇ ಎಂದು ಅವನು ಪ್ರಯತ್ನಿಸುತ್ತಿದ್ದನು. ಗ್ರೀಕ್ ಗಣಿತಜ್ಞರ ಮೇಲೆ ಅವನಿಗೊಂದು ಅಸಮಾಧಾನವಿತ್ತು. ಅವರ ಗ್ರಂಥಗಳಲ್ಲಿ ಪ್ರಮೇಯವಿದೆ, ಅದರ ಸಾಧನೆಯಿದೆ. ಆದರೆ ಅದು ಮೊದಲು ಹೊಳೆದದ್ದು ಹೇಗೆಂಬುದು ಎಲ್ಲಿಯೂ ಇಲ್ಲ. ಏಣಿಯನ್ನು ಏರಿದವರು ಅದನ್ನು ಬಚ್ಚಿಟ್ಟರೆಂದೇ ಅವನು ಭಾವಿಸಿದನು.

ವಿದ್ಯಾಲಯವನ್ನು ಬಿಟ್ಟ ಮೇಲೆ ಅವನು 1616ರಲ್ಲಿ ಪ್ವಾತಿಯೆ ನಗರದಲ್ಲಿ ನ್ಯಾಯಶಾಸ್ತ್ರದ ಪದವಿ ಪಡೆದನು. ಆದರೆ ವಕೀಲಿ ವೃತ್ತಿಯನ್ನು ಹಿಡಿಯಲಿಲ್ಲ. ಲೋಕವೆಂಬ ದೊಡ್ಡ ಗ್ರಂಥವನ್ನು ಓದುವ ಹಂಬಲದಿಂದ 1618ರಲ್ಲಿ ಹಾಲೆಂಡಿಗೆ ಹೋಗಿ ರಾಜಕುಮಾರ ಮಾರಿಸನ ಸೈನ್ಯವನ್ನು ಸೇರಿದನು. ಅದೇ ವರ್ಷ ನವೆಂಬರ್ 10ರಂದು ಬ್ರೆಡಾ ಪಟ್ಟಣದಲ್ಲಿ ಐಸಾಕ್ ಬೇಕ್‌ಮನ್ ಎಂಬ ವಿದ್ವಾಂಸನ ಪರಿಚಯವಾಯಿತು. ಬೇಕ್‌ಮನ್ ಗಣಿತ ಮತ್ತು ಭೌತಶಾಸ್ತ್ರಗಳಿಗೆ ಸೇರಿದ ಪ್ರಶ್ನೆಗಳನ್ನು ಒಂದಾದ ಮೇಲೊಂದರಂತೆ ಅವನ ಮುಂದಿಟ್ಟನು. ಮೇಲಿನಿಂದ ಬೀಳುವ ವಸ್ತುವಿನ ವೇಗ ಹೇಗೆ ಹೆಚ್ಚುತ್ತದೆ, ಪಾತ್ರೆಯಲ್ಲಿರುವ ನೀರು ತಳವನ್ನು ಹೇಗೆ ಒತ್ತುತ್ತದೆ ಎಂಬಂಥ ಪ್ರಶ್ನೆಗಳವು. ಇಪ್ಪತ್ತೆರಡು ವರ್ಷದ ಸೈನಿಕನ ಬುದ್ಧಿಗೆ ಅವು ಕಿಡಿ ತಾಗಿಸಿದವು. ಕೆಲವೇ ತಿಂಗಳುಗಳಲ್ಲಿ, ಅಂದರೆ 1619ರ ಮಾರ್ಚಿಯಲ್ಲಿ, ಎಲ್ಲ ಬಗೆಯ ಪ್ರಮಾಣಗಳ ಪ್ರಶ್ನೆಗಳನ್ನೂ ಬಿಡಿಸಬಲ್ಲ ಹೊಸ ಶಾಸ್ತ್ರವೊಂದನ್ನು ಕಟ್ಟುವ ಆಸೆಯನ್ನು ಅವನು ಬೇಕ್‌ಮನ್ನನಿಗೆ ಪತ್ರದಲ್ಲಿ ತಿಳಿಸಿದನು. ಮುಂದೆ ಇವರಿಬ್ಬರಿಗೂ ವೈಮನಸ್ಯ ಬೆಳೆಯಿತು. 1630ರ ಹೊತ್ತಿಗೆ ಡೇಕಾರ್ಟನು ತನ್ನನ್ನು ಎಚ್ಚರಿಸಿದ ಗೆಳೆಯನಿಂದ ತಾನು ಕಲಿತದ್ದು ಏನೂ ಇಲ್ಲವೆಂಬಂತೆ ಕಟುವಾಗಿ ಬರೆದನು. ಇತರರ ಋಣವನ್ನು ಒಪ್ಪಿಕೊಳ್ಳಲು ಹಿಂಜರಿಯುವ ಸ್ವಭಾವ ಅವನಲ್ಲಿದ್ದ ದೋಷ.

1628ರಲ್ಲಿ ಅವನು ಹಾಲೆಂಡಿನಲ್ಲಿ ನೆಲೆಸಿದನು. ಏಕಾಂತವನ್ನು ಬಯಸಿ ಊರಿಂದ ಊರಿಗೆ ಮನೆ ಬದಲಾಯಿಸುತ್ತ ಇಪ್ಪತ್ತಕ್ಕೂ ಹೆಚ್ಚು ವರ್ಷ ಅಲ್ಲಿ ಕಳೆದನು. 1631ರ ಕೊನೆಯಲ್ಲಿ ಲೈಡನ್ ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕ ಗೋಲಿಯಸ್ ಅವನಿಗೆ ಒಂದು ಹಳೆಯ ಪ್ರಶ್ನೆಯನ್ನು ಕಳುಹಿಸಿದನು. ಕ್ರಿಸ್ತಶಕ ನಾಲ್ಕನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯಾ ನಗರದಲ್ಲಿದ್ದ ಪಾಪಸ್ ಎಂಬ ಗಣಿತಜ್ಞನು ಅದನ್ನು ತನ್ನ ಗ್ರಂಥದಲ್ಲಿ ವಿವರಿಸಿದ್ದನು. ಅದರ ಸರಳ ರೂಪ ಹೀಗಿದೆ. ಸಮತಲದ ಮೇಲೆ ನಾಲ್ಕು ಸರಳರೇಖೆಗಳಿವೆ. ಒಂದು ಬಿಂದುವಿನಿಂದ ಮೊದಲ ಎರಡು ರೇಖೆಗಳಿಗಿರುವ ದೂರಗಳ ಗುಣಲಬ್ಧಕ್ಕೂ ಉಳಿದೆರಡು ರೇಖೆಗಳಿಗಿರುವ ದೂರಗಳ ಗುಣಲಬ್ಧಕ್ಕೂ ಒಂದು ಗೊತ್ತಾದ ಅನುಪಾತವಿರಬೇಕು. ಅಂಥ ಬಿಂದುಗಳೆಲ್ಲ ಸೇರಿ ಆಗುವ ಪಥ ಯಾವುದು? ರೇಖೆಗಳು ಐದು, ಆರು, ಏಳು ಎಂದು ಹೆಚ್ಚುತ್ತ ಹೋದರೆ ಪಥ ಏನಾಗುತ್ತದೆ?

ಮೂರು ಅಥವಾ ನಾಲ್ಕು ರೇಖೆಗಳಿದ್ದರೆ ಪಥವು ಶಂಕುಚ್ಛೇದವಾಗುತ್ತದೆಂದು ಗ್ರೀಕರು ತಿಳಿದಿದ್ದರು. ಆರಕ್ಕಿಂತ ಹೆಚ್ಚು ರೇಖೆಗಳಾದರೆ ಪ್ರಶ್ನೆಯನ್ನು ಹೇಳುವುದೇ ಅವರಿಗೆ ಕಷ್ಟವಾಗುತ್ತಿತ್ತು. ಎರಡು ಉದ್ದಗಳನ್ನು ಗುಣಿಸಿದರೆ ಕ್ಷೇತ್ರಫಲ, ಮೂರನ್ನು ಗುಣಿಸಿದರೆ ಘನಫಲ. ನಾಲ್ಕನ್ನು ಗುಣಿಸಿದರೆ ಬರುವುದಕ್ಕೆ ಅವರ ರೇಖಾಗಣಿತದಲ್ಲಿ ಅರ್ಥವಿರಲಿಲ್ಲ. ಡೇಕಾರ್ಟನು ಈ ತೊಡಕನ್ನು ಸುಲಭವಾಗಿ ನಿವಾರಿಸಿದನು. ಯಾವುದಾದರೂ ಒಂದು ಉದ್ದವನ್ನು ಏಕಮಾನವೆಂದು ಇಟ್ಟುಕೊಂಡರೆ, ಎರಡು ಉದ್ದಗಳ ಗುಣಲಬ್ಧವನ್ನೂ ಒಂದು ಉದ್ದವಾಗಿಯೇ ಎಳೆದು ತೋರಿಸಬಹುದು. ಆಗ ಎಷ್ಟು ಉದ್ದಗಳನ್ನಾದರೂ ಗುಣಿಸಲು ಅಡ್ಡಿಯಿಲ್ಲ. ಬಳಿಕ ಅವನು ಬಿಂದುವಿನ ಸ್ಥಾನವನ್ನು ಎರಡು ಅವ್ಯಕ್ತಗಳಿಂದ, ಅಂದರೆ ಎಕ್ಸ್ ಮತ್ತು ವೈ ಎಂಬ ಎರಡು ಉದ್ದಗಳಿಂದ, ಗುರುತಿಸಿದನು. ಪ್ರತಿಯೊಂದು ರೇಖೆಗಿರುವ ದೂರವೂ ಈ ಎರಡು ಅವ್ಯಕ್ತಗಳ ಸರಳ ರಾಶಿಯಾಯಿತು. ನಾಲ್ಕು ರೇಖೆಗಳ ಪ್ರಶ್ನೆ ಎರಡನೆಯ ಘಾತದ ಸಮೀಕರಣವಾಗಿ ಇಳಿಯಿತು. ಅದರಿಂದ ವೃತ್ತ, ದೀರ್ಘವೃತ್ತ, ಪರವಲಯ, ಅತಿಪರವಲಯಗಳು ತಾವಾಗಿಯೇ ಹೊರಬಂದವು. ರೇಖೆಗಳು ಹೆಚ್ಚಿದಂತೆ ಸಮೀಕರಣದ ಘಾತ ಹೆಚ್ಚಿ, ಗ್ರೀಕರು ಕಾಣದಿದ್ದ ಹೊಸ ವಕ್ರರೇಖೆಗಳ ಲೋಕವೇ ತೆರೆಯಿತು. ಈ ಕೆಲಸಕ್ಕೆ ಅವನಿಗೆ ಹಿಡಿದದ್ದು ಐದಾರು ವಾರಗಳು.

1637ರಲ್ಲಿ ಲೈಡನ್ ನಗರದಲ್ಲಿ ಅವನ ಮೊದಲ ಗ್ರಂಥ ಅಚ್ಚಾಯಿತು. ಸತ್ಯವನ್ನು ಅರಸುವ ವಿಧಾನವನ್ನು ಕುರಿತ ಪ್ರಬಂಧವೂ ಅದರ ಜತೆಗೆ ದೃಗ್ವಿಜ್ಞಾನ, ವಾಯುಮಂಡಲ, ರೇಖಾಗಣಿತ ಎಂಬ ಮೂರು ಭಾಗಗಳೂ ಅದರಲ್ಲಿದ್ದವು. ಪುಸ್ತಕದ ಮೇಲೆ ಲೇಖಕನ ಹೆಸರಿರಲಿಲ್ಲ. ವಿದ್ವಾಂಸರ ಭಾಷೆಯಾದ ಲ್ಯಾಟಿನ್ನಿನ ಬದಲು ಜನರ ಭಾಷೆಯಾದ ಫ್ರೆಂಚಿನಲ್ಲಿ ಅದು ರಚಿತವಾಗಿತ್ತು. ರೇಖಾಗಣಿತದ ಭಾಗ ಸುಮಾರು 120 ಪುಟಗಳಷ್ಟಿದೆ. ಗೊತ್ತಿರುವ ಪ್ರಮಾಣಗಳಿಗೆ ಅಕ್ಷರಮಾಲೆಯ ಮೊದಲ ಅಕ್ಷರಗಳನ್ನೂ ಅವ್ಯಕ್ತಗಳಿಗೆ ಕೊನೆಯ ಅಕ್ಷರಗಳನ್ನೂ ಬಳಸುವ ಪದ್ಧತಿ ಆ ಪುಟಗಳಿಂದಲೇ ಬಳಕೆಗೆ ಬಂದಿತು. ಆದರೆ ಇಂದಿನ ಪಠ್ಯಪುಸ್ತಕಗಳಲ್ಲಿ ಕಾಣುವ, ಒಂದಕ್ಕೊಂದು ಲಂಬವಾದ ಎರಡು ಅಕ್ಷಗಳ ಚಿತ್ರ ಅಲ್ಲಿಲ್ಲ. ಪ್ರಶ್ನೆಗೆ ಅನುಕೂಲವಾದ ಕೋನದಲ್ಲಿ ಅವನು ರೇಖೆಗಳನ್ನು ಆರಿಸಿಕೊಳ್ಳುತ್ತಿದ್ದನು. ಛಾವಣಿಯ ಮೇಲೆ ಹರಿಯುತ್ತಿದ್ದ ನೊಣವನ್ನು ನೋಡಿ ನಿರ್ದೇಶಾಂಕಗಳು ಹೊಳೆದವೆಂಬ ಕಥೆ ಜನಪ್ರಿಯವಾಗಿದ್ದರೂ ಅದಕ್ಕೆ ಆ ಕಾಲದ ಆಧಾರವಿಲ್ಲ. ಅವನನ್ನು ಆ ದಾರಿಗೆ ತಂದದ್ದು ಪಾಪಸನ ಪ್ರಶ್ನೆಯಂಥ ಕಠಿಣ ಸಮಸ್ಯೆಗಳೊಡನೆ ನಡೆಸಿದ ದೀರ್ಘ ಹೋರಾಟ.

ಈ ಗ್ರಂಥವನ್ನು ಓದಿದವರಿಗೆ ಒಂದು ವಿಚಿತ್ರ ಅನುಭವವಾಗುತ್ತಿತ್ತು. ಲೇಖಕನು ಸಾಧನೆಯ ಹಂತಗಳನ್ನು ಅಲ್ಲಲ್ಲಿ ಬಿಟ್ಟುಬಿಟ್ಟಿದ್ದನು. ಉಳಿದುದನ್ನು ಓದುಗರೇ ಕಂಡುಹಿಡಿದು ಸಂತೋಷಪಡಲೆಂದು ಬೇಕೆಂತಲೇ ಹಾಗೆ ಮಾಡಿದುದಾಗಿ ಗ್ರಂಥದ ಕೊನೆಯಲ್ಲಿ ತಿಳಿಸಿದನು. ಇದರಲ್ಲಿ ಗುರುವಿನ ವಿವೇಕವಿತ್ತು. ಸ್ವಲ್ಪ ಅಹಂಕಾರವೂ ಇತ್ತು. ಎಲ್ಲವನ್ನೂ ಬಿಡಿಸಿ ಹೇಳಿದರೆ, ಇದು ತಮಗೆ ಮೊದಲೇ ಗೊತ್ತಿತ್ತೆಂದು ಪ್ರತಿಸ್ಪರ್ಧಿಗಳು ಹೇಳಿಯಾರೆಂಬ ಶಂಕೆ ಅವನನ್ನು ಕಾಡುತ್ತಿತ್ತು. ಗ್ರೀಕರು ಏಣಿಯನ್ನು ಬಚ್ಚಿಟ್ಟರೆಂದು ದೂರಿದವನೇ ತನ್ನ ಏಣಿಯ ಕೆಲವು ಮೆಟ್ಟಿಲುಗಳನ್ನು ಕಿತ್ತಿಟ್ಟನು.

ಅವನ ನ್ಯಾಯಬುದ್ಧಿಗೆ ಮೊದಲ ಪರೀಕ್ಷೆ ಒದಗಿದ್ದು ಪಿಯರ್ ಫರ್ಮಾನ ಮೂಲಕ. ತೂಲೂಸ್ ನಗರದಲ್ಲಿ ನ್ಯಾಯಾಧಿಕಾರಿಯಾಗಿದ್ದ ಫರ್ಮಾನು ಬಿಡುವಿನ ವೇಳೆಯಲ್ಲಿ ಗಣಿತವನ್ನು ಅಭ್ಯಾಸ ಮಾಡುತ್ತಿದ್ದನು. ರೇಖೆಗಳನ್ನು ಸಮೀಕರಣಗಳಿಂದ ಸೂಚಿಸುವ ವಿಧಾನವನ್ನು ಅವನೂ ಸ್ವತಂತ್ರವಾಗಿ ಕಂಡುಹಿಡಿದಿದ್ದನು. ಅವನ ಬರಹ ಹಸ್ತಪ್ರತಿಯಾಗಿ ಮಿತ್ರರ ನಡುವೆ ಸುತ್ತಾಡುತ್ತಿದ್ದು, ಅವನ ಮರಣಾನಂತರ 1679ರಲ್ಲಿ ಅಚ್ಚಾಯಿತು. ವಕ್ರರೇಖೆಗಳಿಗೆ ಸ್ಪರ್ಶಕಗಳನ್ನು ಎಳೆಯುವ ಅವನ ವಿಧಾನ 1638ರ ಆರಂಭದಲ್ಲಿ ಡೇಕಾರ್ಟನ ಕೈಸೇರಿತು. ಡೇಕಾರ್ಟನ ಬಳಿ ಇದೇ ಕೆಲಸಕ್ಕೆ ಬೇರೊಂದು ವಿಧಾನವಿತ್ತು. ತನ್ನ ದಾರಿಯಲ್ಲದ ದಾರಿಯನ್ನು ಕಂಡಾಗ ಅವನು ಅದರ ಸಾರವನ್ನು ತಾಳ್ಮೆಯಿಂದ ಅರಿಯದೆ ಅದು ದೋಷಪೂರ್ಣವೆಂದು ತೀರ್ಮಾನಿಸಿದನು. ಪ್ಯಾರಿಸ್ಸಿನ ಕೆಲವು ಗಣಿತಜ್ಞರು ಫರ್ಮಾನ ಪರವಾಗಿ ನಿಂತಾಗ, ಒಂದು ಹೊಸ ವಕ್ರರೇಖೆಯನ್ನು ಸೃಷ್ಟಿಸಿ ಅದಕ್ಕೆ ಸ್ಪರ್ಶಕ ಎಳೆಯುವಂತೆ ಸವಾಲು ಹಾಕಿದನು. ಎರಡು ಅವ್ಯಕ್ತಗಳ ಘನಗಳ ಮೊತ್ತ ಅವುಗಳ ಗುಣಲಬ್ಧದ ಒಂದು ನಿಶ್ಚಿತ ಮಡಿಗೆ ಸಮವಾಗಿರುವ ರೇಖೆಯದು. ಅದರ ಒಂದು ಭಾಗ ಎಲೆಯ ಆಕಾರದಲ್ಲಿರುವುದರಿಂದ ಅದಕ್ಕೆ ಡೇಕಾರ್ಟನ ಪರ್ಣರೇಖೆ ಎಂಬ ಹೆಸರು ಉಳಿದಿದೆ.

ಸವಾಲಿನ ಫಲ ಅವನು ಎಣಿಸಿದಂತಾಗಲಿಲ್ಲ. ಫರ್ಮಾನ ವಿಧಾನ ಆ ರೇಖೆಗೆ ಸಲೀಸಾಗಿ ಸ್ಪರ್ಶಕವನ್ನು ಒದಗಿಸಿತು. ಡೇಕಾರ್ಟನ ಸ್ವಂತ ವಿಧಾನದಿಂದ ನಡೆದರೆ ಲೆಕ್ಕ ಬಹಳ ತೊಡಕಾಗುತ್ತಿತ್ತು. ಆ ವರ್ಷದ ಬೇಸಿಗೆಯಲ್ಲಿ ಡೇಕಾರ್ಟನು ಫರ್ಮಾನಿಗೆ ಪತ್ರ ಬರೆದು, ಮೊದಲೇ ಹೀಗೆ ವಿವರಿಸಿದ್ದರೆ ತಾನು ವಿರೋಧಿಸುತ್ತಿರಲಿಲ್ಲವೆಂದು ಒಪ್ಪಿಕೊಂಡನು. ಅಂತರಂಗದ ಕಹಿ ಮಾತ್ರ ಪೂರ್ತಿಯಾಗಿ ಮಾಯಲಿಲ್ಲ.

ಅದೇ ಅವಧಿಯಲ್ಲಿ ಅವನಿಗೆ ಒಳ್ಳೆಯ ಓದುಗನೊಬ್ಬನೂ ದೊರೆತನು. ಬ್ಲ್ವಾ ನಗರದ ನ್ಯಾಯವೇತ್ತ ಫ್ಲೋರಿಮಾಂ ಡಿ ಬೋನ್ ರೇಖಾಗಣಿತವನ್ನು ಸಾಲುಸಾಲಾಗಿ ಅಭ್ಯಸಿಸಿ ಅದಕ್ಕೆ ಟಿಪ್ಪಣಿಗಳನ್ನು ಬರೆದನು. ಡೇಕಾರ್ಟನು ಅವನ್ನು ಮನಸಾರೆ ಮೆಚ್ಚಿದನು. ಡಿ ಬೋನ್ ಅಷ್ಟಕ್ಕೆ ನಿಲ್ಲದೆ ಗುರುವಿಗೇ ಒಂದು ಪ್ರಶ್ನೆ ಹಾಕಿದನು. ರೇಖೆಯನ್ನು ಕೊಟ್ಟು ಸ್ಪರ್ಶಕವನ್ನು ಕೇಳುವ ಬದಲು, ಸ್ಪರ್ಶಕದ ಗುಣವನ್ನು ಕೊಟ್ಟು ರೇಖೆಯನ್ನು ಹುಡುಕುವ ಪ್ರಶ್ನೆಯದು. ಡೇಕಾರ್ಟನು ಅದರಲ್ಲಿ ಕೆಲವು ಹೆಜ್ಜೆ ಮುಂದುವರಿದನಾದರೂ ಅದು ಅವನ ರೇಖಾಗಣಿತದ ಎಲ್ಲೆಯನ್ನು ಮೀರಿತ್ತು. 1684ರಲ್ಲಿ ಲೈಬ್ನಿಟ್ಸ್ ತನ್ನ ಹೊಸ ಕಲನಶಾಸ್ತ್ರವನ್ನು ಪ್ರಕಟಿಸಿದಾಗ, ಅದರ ಶಕ್ತಿಯನ್ನು ತೋರಿಸಲು ಇದೇ ಪ್ರಶ್ನೆಯನ್ನು ಬಿಡಿಸಿದನು.

ಡೇಕಾರ್ಟನು ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಅಧ್ಯಾಪಕನಾಗಿರಲಿಲ್ಲ. ಅವನ ಪಾಠಗಳು ಹೆಚ್ಚಾಗಿ ನಡೆದದ್ದು ಪತ್ರಗಳಲ್ಲಿ. ಆ ಶಿಷ್ಯವರ್ಗದಲ್ಲಿ ಶ್ರೇಷ್ಠಳಾದವಳು ರಾಜಕುಮಾರಿ ಎಲಿಜಬೆತ್. ಅವಳ ತಂದೆ ಫ್ರೆಡರಿಕ್ ಬೊಹಿಮಿಯಾ ದೇಶದ ಸಿಂಹಾಸನವನ್ನು 1620ರಲ್ಲಿ ಕಳೆದುಕೊಂಡಿದ್ದನು. ಕುಟುಂಬವು ಹೇಗ್ ನಗರದಲ್ಲಿ ಆಶ್ರಿತರಾಗಿ ಬಾಳುತ್ತಿತ್ತು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಎಲಿಜಬೆತ್ ಭಾಷೆಗಳನ್ನೂ ತತ್ತ್ವಶಾಸ್ತ್ರವನ್ನೂ ಗಣಿತವನ್ನೂ ಕಲಿತಿದ್ದಳು. 1643ರ ಮೇ ತಿಂಗಳಲ್ಲಿ ಅವಳು ಡೇಕಾರ್ಟನಿಗೆ ಬರೆದ ಮೊದಲ ಪತ್ರವೇ ಮನಸ್ಸು ದೇಹವನ್ನು ಹೇಗೆ ಚಲಿಸುತ್ತದೆಂಬ ಪ್ರಶ್ನೆಯಿಂದ ಅವನನ್ನು ಇಕ್ಕಟ್ಟಿಗೆ ಸಿಲುಕಿಸಿತು.

ಆ ವರ್ಷ ಡೇಕಾರ್ಟನು ಅವಳಿಗೆ ಒಂದು ಪ್ರಾಚೀನ ಸಮಸ್ಯೆಯನ್ನು ಕೊಟ್ಟನು. ಮೂರು ವೃತ್ತಗಳಿವೆ, ಅವು ಮೂರನ್ನೂ ಸ್ಪರ್ಶಿಸುವ ನಾಲ್ಕನೆಯ ವೃತ್ತವನ್ನು ಕಂಡುಹಿಡಿಯಬೇಕು. ಗ್ರೀಕ್ ಗಣಿತಜ್ಞ ಅಪೊಲೋನಿಯಸನ ಕಾಲದಿಂದ ಪ್ರಸಿದ್ಧವಾದ ಪ್ರಶ್ನೆಯಿದು. ಕೊಟ್ಟ ಮೇಲೆ ಅವನಿಗೇ ಪಶ್ಚಾತ್ತಾಪವಾಯಿತು. ಅವಳು ಕಲಿತಿದ್ದ ಅಲ್ಪ ಬೀಜಗಣಿತದಿಂದ ಅದನ್ನು ಬಿಡಿಸಲು ದೇವದೂತರಿಗೂ ಸಾಧ್ಯವಾಗದೆಂದು ಅವನು ಮಿತ್ರನೊಬ್ಬನಿಗೆ ಬರೆದನು. ನವೆಂಬರ್ 17ರಂದು ತನ್ನ ದಾರಿಯನ್ನು ವಿವರಿಸಿ ಅವಳಿಗೆ ಪತ್ರ ಕಳುಹಿಸಿದನು. ಅದರಲ್ಲಿ ಅವನು ಹೇಳಿಕೊಟ್ಟ ಸಾಧನಗಳು ಎರಡೇ. ಸಮರೂಪ ತ್ರಿಭುಜಗಳ ಭುಜಗಳು ಸಮಾನುಪಾತದಲ್ಲಿರುತ್ತವೆ; ಲಂಬಕೋನ ತ್ರಿಭುಜದಲ್ಲಿ ಕರ್ಣದ ವರ್ಗ ಉಳಿದೆರಡು ಭುಜಗಳ ವರ್ಗಗಳ ಮೊತ್ತಕ್ಕೆ ಸಮ. ರೇಖೆಗಳನ್ನು ಸಾಧ್ಯವಾದಷ್ಟೂ ಸಮಾಂತರವಾಗಿ ಅಥವಾ ಲಂಬವಾಗಿ ಎಳೆಯಬೇಕು; ಬೇಕಾದಷ್ಟು ಅವ್ಯಕ್ತಗಳನ್ನು ಇಟ್ಟುಕೊಳ್ಳಲು ಅಂಜಬಾರದು. ಸಮಸ್ಯೆ ಬಿಡಿಸಬಹುದಾದ ರೂಪಕ್ಕೆ ಬಂದ ಮೇಲೆ ಉಳಿದ ದೀರ್ಘ ಲೆಕ್ಕವನ್ನು ಮುಗಿಸಲೇಬೇಕೆಂದೇನೂ ಇಲ್ಲ. ಆ ಶ್ರಮ ಬುದ್ಧಿಯನ್ನು ಬೆಳೆಸದು ಎಂಬುದು ಅವನ ಅಭಿಪ್ರಾಯ.

ಈ ವಿಧಾನದ ಸೊಗಸನ್ನು ಒಂದು ಸಣ್ಣ ಉದಾಹರಣೆಯಿಂದ ತಿಳಿಯಬಹುದು. 6 ಅಂಗುಲ ತ್ರಿಜ್ಯದ ದೊಡ್ಡ ವೃತ್ತವೊಂದರ ಕೇಂದ್ರ ಮೂಲಬಿಂದುವಿನಲ್ಲಿದೆ. ಅದರ ಒಳಗೆ 3 ಅಂಗುಲ ತ್ರಿಜ್ಯದ ಎರಡು ವೃತ್ತಗಳು ಪಕ್ಕಪಕ್ಕದಲ್ಲಿ ಕುಳಿತಿವೆ. ಅವುಗಳ ಕೇಂದ್ರಗಳು ಮೂಲಬಿಂದುವಿನಿಂದ ಎಡಕ್ಕೂ ಬಲಕ್ಕೂ 3 ಅಂಗುಲ ದೂರದಲ್ಲಿವೆ. ಮೇಲೆ ಉಳಿದ ಜಾಗದಲ್ಲಿ ಈ ಮೂರನ್ನೂ ಸ್ಪರ್ಶಿಸುವ ವೃತ್ತವನ್ನು ಕೂರಿಸಬೇಕು. ಅದರ ತ್ರಿಜ್ಯವನ್ನು ತ ಎಂದಿಟ್ಟುಕೊಂಡರೆ, ಅದರ ಕೇಂದ್ರ ಮೂಲಬಿಂದುವಿನಿಂದ ನೇರ ಮೇಲಕ್ಕೆ 6 − ತ ಅಂಗುಲ ದೂರದಲ್ಲಿರುತ್ತದೆ. ಬಲಗಡೆಯ ವೃತ್ತದ ಕೇಂದ್ರದಿಂದ 3 + ತ ಅಂಗುಲ ದೂರದಲ್ಲಿರುತ್ತದೆ. ಲಂಬಕೋನ ತ್ರಿಭುಜದ ನಿಯಮದಂತೆ 9 + (6 − ತ)² = (3 + ತ)². ಇದನ್ನು ಬಿಡಿಸಿದರೆ 18ತ = 36; ಆದ್ದರಿಂದ ತ್ರಿಜ್ಯ 2 ಅಂಗುಲ. ಕಣ್ಣಿಗೆ ಜಟಿಲವಾಗಿ ಕಂಡ ಆಕೃತಿ ಒಂದೇ ಸಾಲಿನ ಸಮೀಕರಣಕ್ಕೆ ಮಣಿಯುತ್ತದೆ.

ಎಲಿಜಬೆತ್ ಈ ನಡುವೆ ಸುಮ್ಮನೆ ಕುಳಿತಿರಲಿಲ್ಲ. ಅವಳ ಉತ್ತರವೂ ಡೇಕಾರ್ಟನ ಕೈಸೇರಿತು. ಅವನ ದಾರಿಯಲ್ಲಿ ಮೂರು ಅವ್ಯಕ್ತಗಳಿದ್ದವು. ಅವಳು ಒಂದೇ ಅವ್ಯಕ್ತವನ್ನು ಹಿಡಿದು ನಡೆದಿದ್ದಳು. ಐದು ವರ್ಷಗಳ ಹಿಂದೆ ಫರ್ಮಾನ ವಿಷಯದಲ್ಲಿ ಎದುರಾಗಿದ್ದ ಸಂದರ್ಭವೇ ಮತ್ತೆ ಬಂದಿತ್ತು. ಪ್ರಶ್ನೆ ಒಂದು, ದಾರಿಗಳು ಎರಡು, ತೀರ್ಪು ನೀಡುವವನು ಒಂದು ದಾರಿಯ ಒಡೆಯ. ಈ ಸಲ ಡೇಕಾರ್ಟನು ತಾಳ್ಮೆಯಿಂದ ಓದಿದನು. ನವೆಂಬರ್ 29ರ ಪತ್ರದಲ್ಲಿ ಅವಳ ಕೆಲಸವನ್ನು ಸಂತೋಷದಿಂದ ಹೊಗಳಿದನು. ಅಷ್ಟಕ್ಕೇ ಬಿಡದೆ, ವೃತ್ತಗಳು ಒಂದನ್ನೊಂದು ಸ್ಪರ್ಶಿಸುತ್ತಿರುವ ವಿಶೇಷ ಸಂದರ್ಭವನ್ನು ಎತ್ತಿಕೊಂಡು, ನಾಲ್ಕು ತ್ರಿಜ್ಯಗಳಿಗೂ ಇರುವ ಸಂಬಂಧವನ್ನು ತಿಳಿಸುವ ಸುಂದರ ಪ್ರಮೇಯವನ್ನು ಅದೇ ಪತ್ರದಲ್ಲಿ ಬರೆದನು. ಇಂದು ಅದು ಡೇಕಾರ್ಟನ ವೃತ್ತಪ್ರಮೇಯವೆಂದು ಪ್ರಸಿದ್ಧವಾಗಿದೆ. ಶಿಷ್ಯೆಯ ಉತ್ತರಕ್ಕೆ ಗೌರವ ಕೊಟ್ಟುದರಿಂದ ಗುರುವಿನ ಜ್ಞಾನವೂ ಒಂದು ಹೆಜ್ಜೆ ಮುಂದೆ ಹೋಯಿತು. ಮರುವರ್ಷ ಪ್ರಕಟವಾದ ತನ್ನ ತತ್ತ್ವಶಾಸ್ತ್ರದ ಮಹಾಗ್ರಂಥವನ್ನು ಅವನು ಎಲಿಜಬೆತ್ತಳಿಗೇ ಅರ್ಪಿಸಿದನು.

1649ರ ಶರತ್ಕಾಲದಲ್ಲಿ ಸ್ವೀಡನ್ನಿನ ರಾಣಿ ಕ್ರಿಸ್ಟೀನಳ ಆಹ್ವಾನದಂತೆ ಡೇಕಾರ್ಟನು ಸ್ಟಾಕ್‌ಹೋಮ್ ನಗರಕ್ಕೆ ಹೋದನು. ರಾಣಿಗೆ ಬೆಳಗಿನ ಐದು ಗಂಟೆಗೆ ಪಾಠ ಹೇಳಬೇಕಾಗಿತ್ತು. ಬಾಲ್ಯದಿಂದ ಬೆಳಗಿನ ವಿಶ್ರಾಂತಿಗೆ ಒಗ್ಗಿದ್ದ ದೇಹ ಉತ್ತರದೇಶದ ಚಳಿಯನ್ನು ತಾಳಲಿಲ್ಲ. 1650ರ ಫೆಬ್ರವರಿ 11ರಂದು, ಐವತ್ತಮೂರನೆಯ ವಯಸ್ಸಿನಲ್ಲಿ, ಶ್ವಾಸಕೋಶದ ಬೇನೆಯಿಂದ ಅವನು ನಿಧನನಾದನು. ಅವನು ಹುಟ್ಟಿದ ಲಾ ಹೇ ಊರು ಇಂದು ಡೇಕಾರ್ಟ್ ಎಂಬ ಹೆಸರನ್ನೇ ಹೊತ್ತಿದೆ.

ಅವನು ಗ್ರಂಥದಲ್ಲಿ ಬಿಟ್ಟಿದ್ದ ಖಾಲಿ ಜಾಗಗಳು ಖಾಲಿಯಾಗಿ ಉಳಿಯಲಿಲ್ಲ. ಲೈಡನ್ನಿನ ಅಧ್ಯಾಪಕ ಫ್ರಾನ್ಸ್ ವಾನ್ ಸ್ಕೂಟನ್ ರೇಖಾಗಣಿತವನ್ನು ಲ್ಯಾಟಿನ್ನಿಗೆ ಅನುವಾದಿಸಿ, ಡಿ ಬೋನನ ಟಿಪ್ಪಣಿಗಳೊಡನೆ 1649ರಲ್ಲಿ ಪ್ರಕಟಿಸಿದನು. ತನ್ನ ಶಿಷ್ಯರ ಮುಂದೆ ಅದರ ಸಮಸ್ಯೆಗಳನ್ನಿಟ್ಟು ಅವರು ಕಂಡುಹಿಡಿದುದನ್ನು ಮುಂದಿನ ಮುದ್ರಣಕ್ಕೆ ಸೇರಿಸಿದನು. ಮುಂದೆ ಆಮ್ಸ್ಟರ್‌ಡ್ಯಾಮಿನ ನಗರಾಧ್ಯಕ್ಷನಾದ ಹುಡ್ಡೆ, ಹಾಲೆಂಡಿನ ಆಡಳಿತದ ಹೊಣೆ ಹೊತ್ತಿದ್ದ ಯಾನ್ ಡಿ ವಿಟ್ ಮುಂತಾದವರ ಬರಹಗಳು ಅದರಲ್ಲಿ ಸೇರಿದವು. 1659ರಿಂದ 1661ರ ನಡುವೆ ಹೊರಬಂದ ಆ ಮುದ್ರಣ ಎರಡು ಸಂಪುಟಗಳಿಗೆ ಬೆಳೆದಿತ್ತು; ಅದರಲ್ಲಿ ಡೇಕಾರ್ಟನ ಮೂಲಕ್ಕಿಂತ ಅವನ ಓದುಗರ ಸಂಶೋಧನೆಯೇ ಹೆಚ್ಚಾಗಿತ್ತು. ಕೆಲವು ವರ್ಷಗಳ ಬಳಿಕ ಕೇಂಬ್ರಿಜ್ಜಿನಲ್ಲಿ ಐಸಾಕ್ ನ್ಯೂಟನ್ ಎಂಬ ತರುಣ ವಿದ್ಯಾರ್ಥಿ ಆ ಲ್ಯಾಟಿನ್ ಗ್ರಂಥವನ್ನು ಕೈಗೆತ್ತಿಕೊಂಡು, ಅರ್ಥವಾಗದ ಕಡೆ ನಿಂತು, ಮತ್ತೆ ಮೊದಲಿನಿಂದ ಓದಿ, ತನ್ನ ದಾರಿಯನ್ನು ಹುಡುಕತೊಡಗಿದನು.